ಬದಲಾಗಲು ಒಲ್ಲದ ಮನಸ್ಸು



ಮನುಷ್ಯ ತನ್ನ ಸ್ವಂತ ಬದಲಾವಣೆಗೆ ತಾನೇ ಒಡ್ಡುವ ಪ್ರತಿರೋಧವನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ನನಗೆ ಮೊದಲು ಆದದ್ದು ಸಂತೋಷವಲ್ಲ, ಸಂಕೋಚ. ಮೂವತ್ತಮೂರು ವರ್ಷ ಕನ್ನಡ ಸಾಹಿತ್ಯವನ್ನು ಪಾಠ ಹೇಳಿದವನು ನಾನು. ಸಾಹಿತ್ಯದ ಪಾಠವೆಂದರೆ ಒಂದರ್ಥದಲ್ಲಿ ಬದಲಾವಣೆಯ ಪಾಠವೇ ಸರಿ. ಅಲ್ಲಮ ಬಳ್ಳಿಗಾವಿಯ ಮದ್ದಳೆಯನ್ನು ಬಿಟ್ಟು ಹೊರಟದ್ದು, ಅಕ್ಕಮಹಾದೇವಿ ಉಡುತಡಿಯ ಅರಮನೆಯನ್ನು ತೊರೆದು ನಡೆದದ್ದು, ಎರಡೂ ನಮ್ಮ ಶಿವಮೊಗ್ಗ ಜಿಲ್ಲೆಯ ನೆಲದ ಕಥೆಗಳು. ಇವನ್ನೆಲ್ಲ ತರಗತಿಯಲ್ಲಿ ಉತ್ಸಾಹದಿಂದ ಬಣ್ಣಿಸಿದ ನನಗೆ, ನನ್ನದೇ ಬಾಳಿನಲ್ಲಿ ಹುಣಿಸೆಬೀಜಕ್ಕಿಂತ ತುಸು ದೊಡ್ಡದಾದ ಒಂದು ವಸ್ತುವನ್ನು ಒಪ್ಪಿಕೊಳ್ಳಲು ಆರು ವರ್ಷ ಹಿಡಿಯಿತು. ಆ ವಸ್ತು, ಕಿವಿಗೆ ಹಾಕಿಕೊಳ್ಳುವ ಶ್ರವಣಯಂತ್ರ.

ಕಿವಿಯನ್ನೇ ನಂಬಿಕೊಂಡಿರುವ ಬಾನುಲಿಯಲ್ಲಿ ಕಿವುಡಿನ ಮಾತೇಕೆ ಎಂದು ತಾವು ನಗಬಹುದು. ಆದರೆ ದೊಡ್ಡ ದೊಡ್ಡ ಪರಿವರ್ತನೆಗಳ ಬಗೆಗೆ ಮಾತನಾಡುವುದು ಸುಲಭ, ಅವು ಬೇರೆಯವರವು. ಸಣ್ಣದಾದರೂ ನಮ್ಮದೇ ಆದ ಒಂದು ಬದಲಾವಣೆಯನ್ನು ಕೈಗೆತ್ತಿಕೊಂಡು ನೋಡಿದರೆ, ಮನಸ್ಸು ಎಲ್ಲಿ ಕಾಲು ಊರಿ ನಿಲ್ಲುತ್ತದೆ ಎಂಬುದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ನನ್ನ ಕಥೆಯಿಂದಲೇ ಆರಂಭಿಸುತ್ತೇನೆ.

ನನಗೆ ಐವತ್ತೆಂಟು ನಡೆಯುತ್ತಿದ್ದಾಗ ಜನರೆಲ್ಲ ಮೆಲ್ಲಗೆ ಮಾತನಾಡಲು ಶುರುಮಾಡಿದರು. ಹಾಗೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಈಗಿನ ಹುಡುಗರಿಗೆ ಉಚ್ಚಾರಣೆಯ ಶಿಸ್ತಿಲ್ಲ, ಮಾತನ್ನು ಹಲ್ಲಿನ ಹಿಂದೆಯೇ ಇಟ್ಟುಕೊಳ್ಳುತ್ತಾರೆ, ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸವನ್ನೇ ಮರೆತಿದ್ದಾರೆ ಎಂದು ಅಧ್ಯಾಪಕರ ಕೊಠಡಿಯಲ್ಲಿ ಪ್ರತಿದಿನವೂ ದೂರುತ್ತಿದ್ದೆ. ವಯಸ್ಸಾದಂತೆ ಕಿವಿಯಿಂದ ಮೊದಲು ಜಾರುವುದು ಎತ್ತರದ ಸ್ಥಾಯಿಯ ಸದ್ದುಗಳು ಎಂಬುದನ್ನು ಆಮೇಲೆ ವೈದ್ಯರಿಂದ ತಿಳಿದೆ. ಸ್ವರಗಳು ಉಳಿಯುತ್ತವೆ, ಸ, ಶ, ತ, ಕ ಮೊದಲಾದ ವ್ಯಂಜನಗಳು ಮಸುಕಾಗುತ್ತವೆ. ಆದ್ದರಿಂದ ಸದ್ದು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ತಪ್ಪು ಕಿವಿಯದಲ್ಲ, ಎದುರಿನವರ ಬಾಯಿಯದು ಎಂದು ತೋರುವುದು ಇದರಿಂದಲೇ. ಒಂದು ಬೆಳಿಗ್ಗೆ ನನ್ನ ಮನೆಯಾಕೆ, "ಸಕ್ಕರೆ ಸಾಕೇನ್ರೀ?" ಎಂದು ಕೇಳಿದ್ದು ನನಗೆ "ಅಕ್ಕರೆ ಸಾಕೇನ್ರೀ?" ಎಂದು ಕೇಳಿಸಿತು. ಅರವತ್ತರ ಹೊಸ್ತಿಲಲ್ಲಿ ಇದೆಂಥ ಪ್ರಶ್ನೆ ಎಂದು ನಾನು ಬೆರಗಾದೆ. ಆ ದಿನ ಇಬ್ಬರೂ ನಕ್ಕೆವು. ಮುಂದೆ ನಗು ಕಡಿಮೆಯಾಯಿತು. ಒಂದು ಮಾತನ್ನು ಮೂರು ಸಲ ಹೇಳಬೇಕಾದಾಗ ಯಾವ ಮಾತಾದರೂ ತನ್ನ ಸವಿಯನ್ನು ಕಳೆದುಕೊಳ್ಳುತ್ತದೆ. ಆಕೆ ಮೊದಲು ಧ್ವನಿಯನ್ನು ಏರಿಸಿದಳು. ಆಮೇಲೆ ಅವಶ್ಯಕವಾದುದನ್ನು ಮಾತ್ರ ಹೇಳಿದಳು. ಕೊನೆಗೆ ಅದನ್ನೂ ಕಾಗದದ ಚೂರಿನ ಮೇಲೆ ಬರೆದು ಮೇಜಿನ ಮೇಲಿಡತೊಡಗಿದಳು. ಮನೆಯಲ್ಲಿ ಈಗ ಎಷ್ಟು ಶಾಂತಿಯಿದೆ ಎಂದು ನಾನು ಸಮಾಧಾನಪಟ್ಟುಕೊಂಡೆ!

ಮಗ ಹೇಳಿದ, ವೈದ್ಯರು ಹೇಳಿದರು. ಅರವತ್ತು ದಾಟಿದವರಲ್ಲಿ ಶೇಕಡಾ 25ಕ್ಕಿಂತ ಹೆಚ್ಚು ಮಂದಿಗೆ ದಿನದ ಬದುಕಿಗೆ ತೊಡಕಾಗುವಷ್ಟು ಶ್ರವಣದೋಷವಿರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವೆಂದೂ, ಇದರಲ್ಲಿ ನಾಚಿಕೆಯೇನೂ ಇಲ್ಲವೆಂದೂ ತಿಳಿಸಿದರು. ನನ್ನ ಬಳಿ ಉತ್ತರಗಳಿಗೆ ಕೊರತೆಯಿರಲಿಲ್ಲ. ಯಂತ್ರದ ಬೆಲೆ ಹೆಚ್ಚು. ಹಾಕಿಕೊಂಡರೆ ಗೊರಗೊರ ಸದ್ದು ಬರುತ್ತದಂತೆ. ಬೇಕಾದ್ದು ಹೇಗೂ ಕೇಳಿಸುತ್ತದೆ, ಬೇಡದ್ದು ಕೇಳಿಸದಿರುವುದೇ ಒಂದು ಭಾಗ್ಯ. ಓದಿದವನಿಗೆ ಇರುವ ದೊಡ್ಡ ಅನನುಕೂಲವೆಂದರೆ ಇದೇ: ಅವನ ಹಟಕ್ಕೆ ಭಾಷೆ ಚೆನ್ನಾಗಿ ಒದಗಿಬರುತ್ತದೆ. ಓದದವನು "ನನಗೆ ಇಷ್ಟವಿಲ್ಲ" ಎಂದು ಸುಮ್ಮನಾಗುತ್ತಾನೆ. ಓದಿದವನು ಅದನ್ನೇ ಸಿದ್ಧಾಂತವಾಗಿಸುತ್ತಾನೆ.

ಕನ್ನಡಕದ ವಿಷಯದಲ್ಲಿ ನನಗೆ ಈ ತೊಡಕು ಬಂದಿರಲಿಲ್ಲ ಎಂಬುದನ್ನೂ ಹೇಳಬೇಕು. ನಲವತ್ತರಲ್ಲಿ ಕನ್ನಡಕ ಬಂತು, ಸಂತೋಷದಿಂದಲೇ ಹಾಕಿಕೊಂಡೆ. ಕನ್ನಡಕ ಓದುವವನ ಲಾಂಛನ. ಶ್ರವಣಯಂತ್ರ ಯಾರ ಲಾಂಛನ? ನಮ್ಮ ಹಾಸ್ಯಕಥೆಗಳನ್ನು ನೆನೆದುಕೊಳ್ಳಿ. ಕುರುಡನನ್ನು ಕಂಡು ಕನಿಕರಪಡುವ ಜನ ಕಿವುಡನನ್ನು ಕಂಡು ನಗುತ್ತಾರೆ. ಒಂದು ಕೇಳಿದರೆ ಇನ್ನೊಂದು ಹೇಳುವ ಕಿವುಡನ ಪ್ರಸಂಗಗಳನ್ನು ನಾನೇ ಎಷ್ಟೋ ಸಭೆಗಳಲ್ಲಿ ಹೇಳಿ ಜನರನ್ನು ನಗಿಸಿದ್ದೆ.

ನಿವೃತ್ತಿಯಾದ ಮೂರನೆಯ ವರ್ಷ ಒಂದು ಘಟನೆ ನಡೆಯಿತು. ನನ್ನ ಮನೆಯಾಕೆ ಬಚ್ಚಲುಮನೆಯಲ್ಲಿ ಜಾರಿಬಿದ್ದಳು. ಪಾದ ಉಳುಕಿ ಏಳಲಾಗಲಿಲ್ಲ. ಕಾಲು ಗಂಟೆಯ ಕಾಲ ಕೂಗಿದಳು. ನಾನು ಹಜಾರದಲ್ಲಿ ಕುಳಿತು ಒಂದು ಅಭಿನಂದನ ಗ್ರಂಥದ ಕರಡು ತಿದ್ದುತ್ತಿದ್ದೆ. ಹಾಲಿನವನು ಬಂದು ಒಳಗಿನ ಕೂಗನ್ನು ಕೇಳಿ ನನ್ನ ಹೆಗಲು ಮುಟ್ಟಿ ಎಬ್ಬಿಸಿದ.

ಇನ್ನಾದರೂ ಬುದ್ಧಿ ಬಂದಿರಬೇಕು ಎಂದು ತಾವು ಊಹಿಸುತ್ತೀರಿ. ಬಂದ ಬುದ್ಧಿ ಯಾವುದು ಗೊತ್ತೆ? ಮಾರನೆಯ ದಿನವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಬಚ್ಚಲುಮನೆಯಲ್ಲಿ ಒಂದು ಗುಂಡಿಯನ್ನೂ ಹಜಾರದಲ್ಲಿ ಒಂದು ಭಾರಿ ಗಂಟೆಯನ್ನೂ ಹಾಕಿಸಿದೆ. ಮೂರು ಸಲ ಬಾರಿಸಿ ಪರೀಕ್ಷೆ ಮಾಡಿದೆ. ಮನೆಯ ಗೋಡೆಯನ್ನು ಕೊರೆಸಿದೆ, ತಂತಿ ಎಳೆಸಿದೆ, ಹಣ ಖರ್ಚು ಮಾಡಿದೆ. ನನ್ನೊಬ್ಬನನ್ನು ಮಾತ್ರ ಇದ್ದ ಹಾಗೆಯೇ ಇರಿಸಿಕೊಂಡೆ. ಮನುಷ್ಯ ತನ್ನನ್ನು ಬಿಟ್ಟು ಮಿಕ್ಕೆಲ್ಲವನ್ನೂ ಬದಲಾಯಿಸಲು ಸದಾ ಸಿದ್ಧ ಎಂಬುದಕ್ಕೆ ಆ ಗಂಟೆ ಇಂದಿಗೂ ನಮ್ಮ ಮನೆಯ ಗೋಡೆಯ ಮೇಲೆ ಸಾಕ್ಷಿಯಾಗಿದೆ.

ಇದು ಕೇವಲ ಸೋಮಾರಿತನವಲ್ಲ, ಕೇವಲ ಒಣಜಂಭವೂ ಅಲ್ಲ. ಹಾಗಾದರೆ ಇದೇನು? ನಾನು ಪಾಠ ಹೇಳಿದ ಕಾವ್ಯಗಳ ಕಡೆಗೇ ತಿರುಗುತ್ತೇನೆ.

ಅಭಿನವಪಂಪನೆಂದು ಹೆಸರಾದ ನಾಗಚಂದ್ರನ 'ರಾಮಚಂದ್ರಚರಿತ ಪುರಾಣ'ದಲ್ಲಿ ಬರುವ ರಾವಣನ ಹೃದಯ ಪರಿವರ್ತನೆ ಕನ್ನಡ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ಸೀತೆಯ ನಿಶ್ಚಲವಾದ ಪತಿಭಕ್ತಿಯನ್ನು ಕಂಡು ರಾವಣನ ಮನಸ್ಸು ಕದಡಿ ತಿಳಿಯಾಗುತ್ತದೆ. ತಾನು ಮಾಡಿದ್ದು ತಪ್ಪೆಂದು ಅವನಿಗೆ ಮನವರಿಕೆಯಾಗುತ್ತದೆ. ಅವಳನ್ನು ರಾಮನಿಗೆ ಒಪ್ಪಿಸಬೇಕೆಂಬ ನಿರ್ಧಾರವೂ ಆಗುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂದು ಜನ ಆಡಿಕೊಂಡಾರು. ಮೊದಲು ಯುದ್ಧದಲ್ಲಿ ಗೆದ್ದು, ಆಮೇಲೆ ಒಪ್ಪಿಸುತ್ತೇನೆ ಎಂದುಕೊಳ್ಳುತ್ತಾನೆ. ಆ 'ಆಮೇಲೆ' ಬರಲೇ ಇಲ್ಲ. ಹೃದಯ ಬದಲಾಯಿತು, ಬದುಕು ಬದಲಾಗಲಿಲ್ಲ. ಈ ಪ್ರಸಂಗವನ್ನು ರಾವಣನ ಔನ್ನತ್ಯಕ್ಕೆ ನಿದರ್ಶನವೆಂದು ನಾನು ವರ್ಷವರ್ಷವೂ ಹೇಳುತ್ತಿದ್ದೆ. ಈಗ ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಸೀತೆಯನ್ನು ಬಿಡುವುದು ರಾವಣನಿಗೆ ಕಷ್ಟವಾಗಿರಲಿಲ್ಲ. ನಿನ್ನೆಯವರೆಗಿನ ರಾವಣ ತಪ್ಪಿತಸ್ಥನೆಂದು ಲೋಕದ ಮುಂದೆ ಒಪ್ಪಿಕೊಳ್ಳುವುದು ಕಷ್ಟವಾಗಿತ್ತು.

ಇನ್ನೊಂದು ಉದಾಹರಣೆ ನಮ್ಮ ಸೀಮೆಯದೇ. ತೀರ್ಥಹಳ್ಳಿಯ ಮೇಳಿಗೆಯವರಾದ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಪ್ರಕಟವಾಯಿತು. ಶಿವಮೊಗ್ಗೆಗೆ ಹೋಗಿಬಂದ ನಾರಣಪ್ಪ ಜ್ವರ ಬಂದು ಸಾಯುತ್ತಾನೆ. ಆಚಾರಭ್ರಷ್ಟನಾದ ಅವನ ಶವಸಂಸ್ಕಾರವನ್ನು ಮಾಡಬೇಕಾದವರು ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ. ಪ್ರಾಣೇಶಾಚಾರ್ಯರು ಉತ್ತರವನ್ನು ಗ್ರಂಥಗಳಲ್ಲಿ ಹುಡುಕುತ್ತಾರೆ, ಅಲ್ಲಿ ಸಿಗದಾಗ ಮಾರುತಿಯ ಪ್ರಸಾದಕ್ಕಾಗಿ ಕಾಯುತ್ತಾರೆ, ಅದೂ ದೊರೆಯುವುದಿಲ್ಲ. ಆಮೇಲೆ ಚಂದ್ರಿಯೊಡನೆ ಕಾಡಿನಲ್ಲಿ ನಡೆದುದರಿಂದ ಅವರು ಬೇರೊಬ್ಬ ಮನುಷ್ಯರಾಗಿಬಿಡುತ್ತಾರೆ. ಆದರೂ ಬದಲಾದ ತನ್ನನ್ನು ಅಗ್ರಹಾರಕ್ಕೆ ತಿಳಿಸುವುದು ಹೇಗೆ ಎಂಬ ತಳಮಳದಲ್ಲಿಯೇ ಕಾದಂಬರಿ ಮುಗಿಯುತ್ತದೆ. ಇಲ್ಲಿಯೂ ಅಷ್ಟೆ. ಬದಲಾಗುವುದಕ್ಕಿಂತ ಹಿಂದಿನ ಪ್ರಾಣೇಶಾಚಾರ್ಯರ ಲೆಕ್ಕವನ್ನು ಒಪ್ಪಿಸುವುದೇ ಭಾರ. ಈ ಕಾದಂಬರಿಯ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ, ಅದಕ್ಕೆ ಕಾರಣವಿದೆ.

ಪುಸ್ತಕದಲ್ಲಿ ಇಷ್ಟು ಸ್ಪಷ್ಟವಾಗಿ ಕಂಡದ್ದು ನನ್ನ ವಿಷಯದಲ್ಲಿ ನನಗೆ ಕಾಣಲಿಲ್ಲ. ಕಾಣಿಸಿದವನು ಭದ್ರಾವತಿಯ ನನ್ನೊಬ್ಬ ಬಾಲ್ಯದ ಗೆಳೆಯ. ಅವನು ಕಾವ್ಯ ಓದಿದವನಲ್ಲ. ಕಬ್ಬಿಣದ ಕಾರ್ಖಾನೆಯಲ್ಲಿ ಉಕ್ಕು ಕರಗಿಸುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಮೈಸೂರು ಸಂಸ್ಥಾನದ ಕಾಲದಲ್ಲಿ 1918ರಲ್ಲಿ ಕಾರ್ಖಾನೆಯ ಕೆಲಸ ಆರಂಭವಾಗಿ 1923ರಲ್ಲಿ ಕಬ್ಬಿಣ ಹರಿಯಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದರು. ಮಲೆನಾಡಿನ ಕಾಡಿನ ಸೌದೆಯನ್ನು ಸುಟ್ಟು ತೆಗೆದ ಇದ್ದಿಲೇ ಆ ಕುಲುಮೆಯ ಆಹಾರ. ವಿದ್ಯುತ್ ಕುಲುಮೆಗಳು ಬಂದದ್ದು 1950ರ ದಶಕದಲ್ಲಿ. ಕಾರ್ಖಾನೆಯ ಇಂದಿನ ಸ್ಥಿತಿ ಅಂದಿನದಲ್ಲ. ಕೇಂದ್ರದ ಉಕ್ಕು ಪ್ರಾಧಿಕಾರ ಅದನ್ನು ಮುಚ್ಚುವ ತೀರ್ಮಾನ ಮಾಡಿದ್ದು 2023ರ ಜನವರಿಯಲ್ಲಿ. ಅದನ್ನು ಉಳಿಸಿಕೊಳ್ಳಬೇಕೆಂಬ ಕೂಗು ಅಂದಿನಿಂದಲೂ ನಡೆದಿದೆ. ಅದು ಬೇರೆಯ ವಿಷಯ. ಆದರೆ ಆ ಊರಿನ ಹಳೆಯ ಕೆಲಸಗಾರರಲ್ಲಿ ಲೋಹದ ಸ್ವಭಾವವನ್ನು ಬಲ್ಲವರು ಇನ್ನೂ ಇದ್ದಾರೆ. ನನ್ನ ಗೆಳೆಯ ಅವರಲ್ಲಿ ಒಬ್ಬ.

ಗಂಟೆ ಹಾಕಿಸಿದ ಎಂಟು ತಿಂಗಳ ಮೇಲೆ ಅವನನ್ನು ನೋಡಲು ಹೋಗಿದ್ದೆ. ಸಂಜೆ ಭದ್ರೆಯ ದಡದಲ್ಲಿ ಕುಳಿತಿದ್ದೆವು. ಮಾತಿನ ನಡುವೆ ಅವನು ಕಿವಿಯಿಂದ ಏನನ್ನೋ ತೆಗೆದು ಕರವಸ್ತ್ರದಿಂದ ಒರೆಸಿ, ಮತ್ತೆ ಕಿವಿಗೆ ಇಟ್ಟುಕೊಂಡ. ಕನ್ನಡಕ ಒರೆಸಿದಷ್ಟೇ ಸಹಜವಾಗಿ. ನಾನು ನೋಡುತ್ತಿದ್ದುದನ್ನು ಕಂಡು ನಕ್ಕ.

"ಮಾರಾಯ, ನಿನಗೆ ಸರಿಯಾಗಿ ಕೇಳಿಸೋದಿಲ್ಲ ಅಂತ ನನಗೆ ಗೊತ್ತು. ನಿನ್ನ ಹೆಂಡತಿಗೆ ಗೊತ್ತು. ನಿನಗೂ ಗೊತ್ತು. ಇನ್ನು ಯಾರಿಂದ ಮುಚ್ಚಿಡ್ತಾ ಇದೀಯ?" ಎಂದು ಕೇಳಿದ.

ಹಾಕಿಕೋ ಎಂದು ಅವನು ಹೇಳಲಿಲ್ಲ. ಹಾಗೆ ಹೇಳಿದ್ದರೆ ನನ್ನ ಬಳಿ ಸಿದ್ಧ ಉತ್ತರಗಳಿದ್ದವು. ಯಾರಿಂದ ಮುಚ್ಚಿಡುತ್ತಿದ್ದೀಯೆ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ, ಅಲ್ಲಿಯವರೆಗೆ ಯಾರ ಬಳಿಯೂ ಹೇಳದ ಒಂದು ಸಂಗತಿ ನನ್ನ ಬಾಯಿಂದ ಹೊರಬಂತು.

ನಿವೃತ್ತಿಗೆ ಒಂದು ವರ್ಷ ಮೊದಲು ನಡೆದದ್ದು. ತರಗತಿಯ ಮೊದಲರ್ಧದಲ್ಲಿ 'ಸಂಸ್ಕಾರ'ದ ಪಾಠವನ್ನು ಮುಗಿಸಿ, ಉಳಿದರ್ಧದಲ್ಲಿ ಮಹಾಕಾವ್ಯದ ಅಷ್ಟಾದಶ ವರ್ಣನೆಗಳನ್ನು ಆರಂಭಿಸಿದ್ದೆ. ಚಂದ್ರೋದಯದ ವರ್ಣನೆ ನಡೆದಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಹಳ್ಳಿಯಿಂದ ಬರುತ್ತಿದ್ದವಳು, ಎರಡು ವರ್ಷದಲ್ಲಿ ಒಮ್ಮೆಯೂ ಬಾಯಿ ತೆರೆದವಳಲ್ಲ. ಅವಳು ಕೇಳಿದ್ದು, "ಸಾರ್, ಚಂದ್ರಿ ಏನಾದಳು?" ಎಂದು. ನನಗೆ ಕೇಳಿಸಿದ್ದು ಚಂದ್ರ ಏನಾದ ಎಂದು. "ಇವತ್ತು ಅಮಾವಾಸ್ಯೆ ಇರಬೇಕಮ್ಮ, ಕುಳಿತುಕೋ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವಳು ಕುಳಿತಳು. ವರ್ಷ ಮುಗಿಯುವವರೆಗೂ ಮತ್ತೆ ಏಳಲಿಲ್ಲ. ಅಂದು ಸಂಜೆಯೇ ಸಹೋದ್ಯೋಗಿಯೊಬ್ಬರು, ಹುಡುಗಿ ಕೇಳಿದ್ದು ಹೀಗಂತೆ ಎಂದು ನನಗೆ ತಿಳಿಸಿದರು. ನಾನು ನಕ್ಕು ತೇಲಿಸಿಬಿಟ್ಟೆ. ಆದರೆ ಆ ನಗು ಒಳಗೆ ಇಳಿಯಲಿಲ್ಲ.

ಶ್ರವಣಯಂತ್ರವನ್ನು ಹಾಕಿಕೊಂಡರೆ ಜನ ನಗುತ್ತಾರೆಂಬ ಭಯ ಹೊರಗಿನದು. ಒಳಗಿನ ಭಯ ಬೇರೆ. ಹಾಕಿಕೊಂಡ ಕ್ಷಣದಲ್ಲಿಯೇ, ಕಳೆದ ವರ್ಷಗಳಲ್ಲಿ ತಪ್ಪಿದ್ದು ಹುಡುಗರ ಉಚ್ಚಾರಣೆಯಲ್ಲ, ನನ್ನ ಕಿವಿ ಎಂದು ಒಪ್ಪಿಕೊಂಡಂತೆ. ಅಂದರೆ ಆ ಹುಡುಗಿಯನ್ನು ಕೂರಿಸಿದ್ದು ನಾನು. ಅಂಥವರು ಇನ್ನೆಷ್ಟು ಜನವೋ! ಕೇಳಿಸಿಕೊಳ್ಳದೆ ಉತ್ತರಿಸಿದ ಪ್ರಶ್ನೆಗಳು ಎಷ್ಟೋ! ಬೋಧಕನೆಂದು ನಾನು ಕಟ್ಟಿಕೊಂಡಿದ್ದ ಹೆಸರಿನ ಕೊನೆಯ ಪುಟದಲ್ಲಿ ಅಳಿಸಲಾಗದ ಒಂದು ಕಲೆ ಬೀಳುತ್ತದೆ. ಆ ಯಂತ್ರವಿಲ್ಲದಷ್ಟು ಕಾಲವೂ ತಪ್ಪು ಇನ್ನೂ ಚರ್ಚೆಯಲ್ಲಿರುತ್ತದೆ. ಹಾಕಿಕೊಂಡರೆ ತೀರ್ಪು ಬಂದುಬಿಡುತ್ತದೆ.

ಗೆಳೆಯ ಎಲ್ಲವನ್ನೂ ಕೇಳಿದ. ಉಪದೇಶ ಹೇಳಲಿಲ್ಲ. ತನಗೆ ಗೊತ್ತಿದ್ದ ಮಾತನ್ನೇ ಹೇಳಿದ. "ಅದಿರಿನಿಂದ ಕಬ್ಬಿಣ ಬಿಡಿಸೋದಕ್ಕೆ ಇದ್ದಿಲು ಬೇಕು. ಇದ್ದಿಲು ಇಲ್ಲದಿದ್ದರೆ ಅದಿರು ಬರೀ ಕೆಂಪು ಕಲ್ಲು. ಆದರೆ ಅದೇ ಇದ್ದಿಲಿನ ಇಂಗಾಲ ಕಬ್ಬಿಣದೊಳಗೆ ಸೇರಿಕೊಳ್ಳುತ್ತೆ. ಅದಕ್ಕೇ ಬೀಡುಕಬ್ಬಿಣ ಗಟ್ಟಿ ಇದ್ದರೂ ಸುತ್ತಿಗೆ ಪೆಟ್ಟಿಗೆ ಬಾಗೋದಿಲ್ಲ, ಒಡೆದುಹೋಗುತ್ತೆ. ಉಕ್ಕು ಆಗಬೇಕಾದರೆ ಹೆಚ್ಚಾದ ಇಂಗಾಲವನ್ನು ಸುಟ್ಟು ತೆಗೀಬೇಕು. ಹೊರಗಿಂದ ಬಡಿದರೆ ಉಕ್ಕಾಗೋದಿಲ್ಲ. ಒಳಗಿಂದ ತೆಗೆದರೆ ಆಗುತ್ತೆ."

ಅಪ್ಪಟ ತಾಂತ್ರಿಕ ಮಾತು. ಬೀಡುಕಬ್ಬಿಣದಲ್ಲಿ ಸುಮಾರು ಶೇಕಡಾ 4ರಷ್ಟು ಇಂಗಾಲವಿದ್ದರೆ, ಸಾಮಾನ್ಯ ಉಕ್ಕಿನಲ್ಲಿ ಶೇಕಡಾ 1ಕ್ಕಿಂತಲೂ ಕಡಿಮೆ ಎಂದು ಅವನೇ ಲೆಕ್ಕ ಕೊಟ್ಟ. ಆದರೆ ನನಗೆ ಆ ದಿನ ಅದು ನನ್ನನ್ನೇ ಕುರಿತ ವ್ಯಾಖ್ಯಾನವಾಗಿ ಕೇಳಿಸಿತು. ನಮ್ಮನ್ನು ಮಾಡಿದ್ದು ಯಾವುದೋ, ನಮ್ಮನ್ನು ಪೆಡಸಾಗಿಸುವುದೂ ಅದೇ. ತರಗತಿಯಲ್ಲಿ ತಡವರಿಸದೆ ಉತ್ತರ ಕೊಡುವ ಅಭ್ಯಾಸ ನನ್ನನ್ನು ಬೋಧಕನನ್ನಾಗಿ ಮಾಡಿತ್ತು. ಕೇಳಿಸದಿದ್ದಾಗಲೂ ಉತ್ತರ ಕೊಡುವಂತೆ ಮಾಡಿದ್ದೂ ಅದೇ ಅಭ್ಯಾಸ.

ಈ ಮಾತನ್ನು ಸಾಮಾನ್ಯೀಕರಿಸಿ ಹೇಳುವುದಾದರೆ, ಬದಲಾವಣೆಯ ವಿಷಯದಲ್ಲಿ ನಾವು ಹೆದರುವುದು ನಾಳೆಗೆ ಎಂದು ತಿಳಿದಿದ್ದೇವೆ. ಹೊಸದು ಹೇಗಿರುತ್ತದೋ, ಸಾಧ್ಯವಾಗುತ್ತದೋ ಇಲ್ಲವೋ ಎಂಬ ಅಳುಕು ಇರುತ್ತದೆ, ನಿಜ. ಆದರೆ ಅದಕ್ಕಿಂತ ಆಳದ ಹೆದರಿಕೆ ನಿನ್ನೆಯದು. ಇಂದು ಬದಲಾದರೆ ನಿನ್ನೆ ತಪ್ಪಾಗಿತ್ತು ಎಂದು ನಾವೇ ಸಹಿ ಹಾಕಿಕೊಟ್ಟಂತೆ. ಮಕ್ಕಳೊಡನೆ ಬಿರುಸಾಗಿ ನಡೆದುಕೊಂಡ ತಂದೆ ಮೊಮ್ಮಕ್ಕಳ ಕಾಲಕ್ಕೂ ಮೃದುವಾಗಲು ಹಿಂಜರಿಯುವುದು ಇದರಿಂದ. ಇಪ್ಪತ್ತು ವರ್ಷ ಕುಡಿದವನಿಗೆ ಇಪ್ಪತ್ತೊಂದನೆಯ ವರ್ಷ ಬಿಡುವುದು ಕಷ್ಟವಾಗುವುದು ದೇಹದ ಚಟದಿಂದ ಮಾತ್ರವಲ್ಲ. ಬಿಟ್ಟ ಮಾರನೆಯ ದಿನ ಆ ಇಪ್ಪತ್ತು ವರ್ಷಗಳು ಎದುರು ಬಂದು ನಿಲ್ಲುತ್ತವೆ. ವಯಸ್ಸಾದಂತೆ ಬದಲಾವಣೆ ಕಠಿನವಾಗುವುದಕ್ಕೆ ಕಾರಣ ಮೂಳೆ ಬಿರುಸಾಗುವುದಲ್ಲ, ಹಿಂದೆ ಬೀಳುವ ನಿನ್ನೆಗಳ ರಾಶಿ ದೊಡ್ಡದಾಗುವುದು.

ಹಾಗಾದರೆ ನಿನ್ನೆಯನ್ನು ಏನು ಮಾಡಬೇಕು? ಮುಚ್ಚಿಡುವುದು ಒಂದು ದಾರಿ, ಶಪಿಸುವುದು ಇನ್ನೊಂದು. ಎರಡೂ ಅಲ್ಲದ ಮೂರನೆಯ ದಾರಿಯೊಂದನ್ನು ನಮ್ಮ ಜಿಲ್ಲೆಯವರೇ ಆದ ಮಹಾಕವಿಯೊಬ್ಬರ ಬಾಳಿನಲ್ಲಿ ಕಾಣುತ್ತೇವೆ.

ಕುಪ್ಪಳಿಯ ತರುಣ ಕೆ. ವಿ. ಪುಟ್ಟಪ್ಪನವರು ಮೈಸೂರಿನಲ್ಲಿ ಓದುತ್ತಿದ್ದಾಗ ಕವಿತೆ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 'ಬಿಗಿನರ್ಸ್ ಮ್ಯೂಸ್' ಎಂಬ ಅವರ ಇಂಗ್ಲಿಷ್ ಕವನಗಳ ಪುಸ್ತಿಕೆ 1922ರಲ್ಲಿಯೇ ಅಚ್ಚಾಗಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ, ಹತ್ತೊಂಬತ್ತು ವರ್ಷದ ಆ ಯುವಕ ತನ್ನ ಕವಿತೆಗಳನ್ನು ಒಯ್ದು ಅವರಿಗೆ ತೋರಿಸಿದರು. ನಿರೀಕ್ಷಿಸಿದ್ದು ಮೆಚ್ಚುಗೆ, ದೊರೆತದ್ದು, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂಬ ಪ್ರಶ್ನೆ, ಮತ್ತು ತಾಯ್ನುಡಿಯಲ್ಲಿ ಬರೆಯಿರಿ ಎಂಬ ಸಲಹೆ. ತರುಣ ಕವಿಗೆ ಅದು ರುಚಿಸಲಿಲ್ಲ. ಮುಂದೆ 1980ರಲ್ಲಿ ಪ್ರಕಟವಾದ 'ನೆನಪಿನ ದೋಣಿಯಲ್ಲಿ' ಎಂಬ ಆತ್ಮಕಥನದಲ್ಲಿ ಕುವೆಂಪು ಅವರು ಈ ಭೇಟಿಯನ್ನು ತಾವೇ ದಾಖಲಿಸಿದ್ದಾರೆ.

ಆ ಪ್ರಶ್ನೆಯನ್ನು ಗಮನಿಸಿ. ನೀವು ಬರೆದಿರುವುದೆಲ್ಲ ವ್ಯರ್ಥ ಎಂದು ಆ ಹಿರಿಯ ಕವಿ ಹೇಳಿದ್ದರೆ, ಯುವಕನ ಅಭಿಮಾನ ಎದ್ದು ನಿಂತು ಇಂಗ್ಲಿಷನ್ನೇ ಇನ್ನಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತಿತ್ತೋ ಏನೋ. ನಿಮ್ಮ ಭಾಷೆಯಲ್ಲಿ ಏನಿದೆ ಎಂಬ ಪ್ರಶ್ನೆ ಒಂದು ಬಾಗಿಲನ್ನು ತೋರಿಸಿತು. ಬಂದ ದಾರಿಯನ್ನು ಹಳಿಯಲಿಲ್ಲ. ಅದೇ 1924ರಲ್ಲಿ ಕನ್ನಡದಲ್ಲಿ 'ಅಮಲನ ಕಥೆ' ಹೊರಬಂತು. ಇಷ್ಟಾದರೂ ಕೆಲಸ ಮುಗಿದಿರಲಿಲ್ಲ. ಬಿ.ಎ. ಆದ ಮೇಲೆ ಅವರ ಒಲವಿದ್ದುದು ತತ್ತ್ವಶಾಸ್ತ್ರದ ಕಡೆಗೆ. ಹೊಸದಾಗಿ ಆರಂಭವಾಗಿದ್ದ ಕನ್ನಡ ಎಂ.ಎ. ತರಗತಿಗೆ ಅವರನ್ನು ಒಲಿಸಿ ಕರೆದುಕೊಂಡವರು ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರು. 1929ರಲ್ಲಿ ಪುಟ್ಟಪ್ಪನವರು ಆ ಪದವಿಯನ್ನು ಪಡೆದರು. ಬದಲಾವಣೆ ಒಂದೇ ಸಲಕ್ಕೆ ಆಗುವ ಸಂಗತಿಯಲ್ಲ. ಪ್ರತಿ ತಿರುವಿನಲ್ಲಿಯೂ ಪ್ರೀತಿಯಿಂದ ಕೈಹಿಡಿಯುವ ಒಬ್ಬರು ಬೇಕು. 1949ರಲ್ಲಿ ಬಂದ 'ಶ್ರೀ ರಾಮಾಯಣ ದರ್ಶನಂ' ವೆಂಕಣ್ಣಯ್ಯನವರಿಗೆ ಅರ್ಪಿತವಾಗಿರುವುದು ಸುಮ್ಮನೆ ಅಲ್ಲ.

ಆ ಮಹಾಕಾವ್ಯದ ಛಂದಸ್ಸನ್ನು ನೋಡಿ. ನಮ್ಮ ಸರಳರಗಳೆಯ ಹಾದಿಯಲ್ಲಿ ಬೆಳೆದ ಆ ಮಹಾಛಂದಸ್ಸಿನ ಹಿಂದೆ ಮಿಲ್ಟನ್ನನ ಇಂಗ್ಲಿಷ್ ಕಾವ್ಯದ ಓದೂ ಇದೆ. ಅಂದರೆ ಇಂಗ್ಲಿಷಿಗೆ ಕೊಟ್ಟ ವರ್ಷಗಳು ಎಲ್ಲಿಯೂ ಹೋಗಲಿಲ್ಲ. ಕನ್ನಡವಾಗಿ ಮರಳಿ ಬಂದವು. ಹಳೆಯ ಇಂಗ್ಲಿಷ್ ಕವಿತೆಗಳನ್ನು ಅವರು ಸುಟ್ಟುಹಾಕಲೂ ಇಲ್ಲ. 'ಏಲಿಯನ್ ಹಾರ್ಪ್' ಎಂಬ ಹೆಸರಿನಲ್ಲಿ ಮುಂದೆ ಅವು ಪ್ರಕಟವಾದವು. 'ಪರಕೀಯ ವೀಣೆ' ಎಂದು ಅದರ ಅರ್ಥ. ಆ ಹೆಸರಿನಲ್ಲಿ ತೀರ್ಪಿದೆ, ಆದರೆ ದ್ವೇಷವಿಲ್ಲ. ನಿನ್ನೆಯನ್ನು ನಿನ್ನೆಯೆಂದು ಕರೆದು, ಅದಕ್ಕೊಂದು ಮಣೆ ಹಾಕಿ ಕೂರಿಸಿದಂತೆ. ಮೂರನೆಯ ದಾರಿಯೆಂದು ನಾನು ಹೇಳಿದ್ದು ಇದನ್ನೇ.

ಹತ್ತೊಂಬತ್ತರ ಯುವಕ ಒಪ್ಪಿಸಬೇಕಾಗಿದ್ದುದು ಮೂರು ನಾಲ್ಕು ವರ್ಷಗಳ ಲೆಕ್ಕ. ಅರವತ್ತರವರ ಲೆಕ್ಕ ಉದ್ದ. ನಮ್ಮಂಥ ಸಾಮಾನ್ಯರು ಮಾಡಬಹುದಾದುದೇನು? ಇಲ್ಲಿ ಮನಶ್ಶಾಸ್ತ್ರ ಒಂದಿಷ್ಟು ನೆರವಾಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಮಾಂಸದ ಅಭಾವ ತಲೆದೋರಿದಾಗ, ಜನ ಸಾಮಾನ್ಯವಾಗಿ ತಿನ್ನದ ಹೃದಯ, ಮೂತ್ರಪಿಂಡ ಮೊದಲಾದ ಒಳಾಂಗಗಳನ್ನು ಅಡುಗೆಗೆ ಬಳಸುವಂತೆ ಗೃಹಿಣಿಯರನ್ನು ಒಪ್ಪಿಸಬೇಕಾಗಿತ್ತು. ಕರ್ಟ್ ಲೆವಿನ್ ಎಂಬ ವಿದ್ವಾಂಸ ಒಂದು ಪ್ರಯೋಗ ನಡೆಸಿದ. ಕೆಲವು ಗುಂಪುಗಳಿಗೆ ಒಳ್ಳೆಯ ಉಪನ್ಯಾಸ ಕೊಡಿಸಿದ. ಉಳಿದ ಗುಂಪುಗಳಲ್ಲಿ ಅವರವರ ಅಡ್ಡಿಗಳೇನೆಂದು ಅವರೇ ಮಾತನ್ನಾಡಿಕೊಂಡು, ಕೊನೆಗೆ ಎಲ್ಲರೆದುರು ಕೈಯೆತ್ತಿ ನಿರ್ಧರಿಸುವಂತೆ ಮಾಡಿದ. ಉಪನ್ಯಾಸ ಕೇಳಿದವರಲ್ಲಿ ಅಂಥ ಮಾಂಸವನ್ನು ಬಡಿಸಿದವರು ಶೇಕಡಾ 3. ಮಾತನಾಡಿ ನಿರ್ಧರಿಸಿದವರಲ್ಲಿ ಶೇಕಡಾ 32. ಉಪನ್ಯಾಸಗಳಿಂದಲೇ ಜೀವನ ಸಾಗಿಸಿದ ನನಗೂ, ಈ ಭಾಷಣವನ್ನು ಕೇಳುತ್ತಿರುವ ತಮಗೂ ಇದು ಅಷ್ಟೇನೂ ಹಿತವಾದ ಅಂಕಿಅಂಶವಲ್ಲ!

ಲೆವಿನ್ ಹೇಳಿದ ಇನ್ನೊಂದು ಮಾತಿದೆ. ತಳ್ಳುವ ಬಲವನ್ನು ಹೆಚ್ಚಿಸಿದರೆ ಎದುರು ಒತ್ತಡವೂ ಹೆಚ್ಚುತ್ತದೆ; ತಡೆಯುವ ಬಲವನ್ನು ಕಡಿಮೆ ಮಾಡಿದರೆ ತಳ್ಳಬೇಕಾದ ಅಗತ್ಯವೇ ಕಡಿಮೆಯಾಗುತ್ತದೆ. ಗಾಡಿ ಹೊಡೆದವರಿಗೆ ಇದು ಗೊತ್ತಿದೆ. ಗಾಲಿಯ ಕೆಳಗೆ ಕಲ್ಲು ಸಿಕ್ಕಿಕೊಂಡಾಗ ಎತ್ತಿಗೆ ಬಾರುಕೋಲಿನಿಂದ ಹೊಡೆಯುವವನು ಹೊಸಬ. ಇಳಿದು ಕಲ್ಲನ್ನು ತೆಗೆಯುವವನು ಅನುಭವಸ್ಥ.

ನನ್ನ ಗಾಲಿಯ ಕೆಳಗಿನ ಕಲ್ಲನ್ನು ಗೆಳೆಯ ತೋರಿಸಿದ್ದ. ಊರಿಗೆ ಬಂದವನು ಮಾರನೆಯ ಬೆಳಿಗ್ಗೆ ಗಾಂಧಿ ಪಾರ್ಕಿನಲ್ಲಿ ನನ್ನೊಡನೆ ತಿರುಗಾಡುವ ನಾಲ್ವರು ಮಿತ್ರರಿಗೆ, ಕಿವಿಯ ಪರೀಕ್ಷೆಗೆ ಹೋಗುತ್ತಿದ್ದೇನೆಂದು ಹೇಳಿಬಿಟ್ಟೆ. ಹೇಳಿದ ಮೇಲೆ ಹೋಗದೆ ವಿಧಿಯಿರಲಿಲ್ಲ. ಅವರಲ್ಲಿ ಒಬ್ಬರು ನಿಧಾನವಾಗಿ, "ನನ್ನನ್ನೂ ಕರೆದುಕೊಂಡು ಹೋಗಿ" ಎಂದರು.

ಯಂತ್ರ ಬಂದ ಮೊದಲ ವಾರ ಸುಖವಾಗಿರಲಿಲ್ಲ. ತಟ್ಟೆಗೆ ಚಮಚ ತಗುಲಿದರೆ ಸಿಡಿಲು ಬಡಿದಂತಾಗುತ್ತಿತ್ತು. ಹೊಸ ಸದ್ದುಗಳಿಗೆ ಮಿದುಳು ಹೊಂದಿಕೊಳ್ಳಲು ಕೆಲವು ವಾರಗಳು ಬೇಕೆಂದು ಮೊದಲೇ ಎಚ್ಚರಿಸಿದ್ದರು. ಅದರಂತೆ ಮೊದಲು ಮನೆಯೊಳಗೆ ದಿನಕ್ಕೆ ಒಂದು ಗಂಟೆ, ಆಮೇಲೆ ಎರಡು ಗಂಟೆ, ಆಮೇಲೆ ಅಂಗಳ, ಕೊನೆಗೆ ಗಾಂಧಿ ಬಜಾರು. ದೊಡ್ಡ ಪ್ರತಿಜ್ಞೆ ಮಾಡಲಿಲ್ಲ. ಪ್ರತಿಜ್ಞೆ ದೊಡ್ಡದಾದಷ್ಟೂ ಮುರಿದಾಗ ಸಿಗುವ ನೆಪ ಒಳ್ಳೆಯದು. ಒಂದು ಬೆಳಿಗ್ಗೆ ಕಿಟಕಿಯ ಹೊರಗೆ ಏನೋ ಸದ್ದಾಯಿತು. ಅದೇನೆಂದು ಮನೆಯಾಕೆಯನ್ನು ಕೇಳಿದೆ. "ಗುಬ್ಬಚ್ಚಿ. ದಿನಾ ಬರುತ್ತೆ" ಎಂದಳು, ಮೆಲ್ಲಗೆ. ಆ ಮೆಲ್ಲಗಿನ ಮಾತು ನನಗೆ ಕೇಳಿಸಿತು. ಮೇಜಿನ ಮೇಲಿನ ಕಾಗದದ ಚೂರುಗಳು ಅಂದಿನಿಂದ ಕಡಿಮೆಯಾದವು. ಆದರೆ ಆರು ವರ್ಷಗಳಲ್ಲಿ ಆಕೆ ಹೇಳದೆ ಬಿಟ್ಟ ಮಾತುಗಳೆಲ್ಲ ಮರಳಿ ಬಂದವೆಂದು ನಾನು ಹೇಳಲಾರೆ. ಬದಲಾವಣೆಗೆ ನಾವು ಮಾಡುವ ವಿಳಂಬಕ್ಕೆ ಬೆಲೆ ಇದೆ. ಅದನ್ನು ಅನೇಕ ವೇಳೆ ತೆರುವವರು ಬೇರೆಯವರು.

ಇನ್ನೊಂದು ಲೆಕ್ಕ ಉಳಿದಿತ್ತು. ಆ ಹುಡುಗಿಯ ವಿಳಾಸವನ್ನು ಹುಡುಕಿದೆ. ಅವಳು ಈಗ ಬೇರೆ ಜಿಲ್ಲೆಯ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕಿ. ನಡೆದುದನ್ನೆಲ್ಲ ಬರೆದು ಕ್ಷಮೆ ಕೇಳಿದೆ. ಹದಿನೈದು ದಿನಕ್ಕೆ ಉತ್ತರ ಬಂತು. ಮರೆತಿದ್ದೇನೆ ಎಂದು ಅವಳು ಸೌಜನ್ಯಕ್ಕಾಗಿ ಸುಳ್ಳು ಬರೆದಿರಲಿಲ್ಲ. ಆ ಪ್ರಶ್ನೆ ಕೇಳುವ ಧೈರ್ಯ ತಂದುಕೊಳ್ಳಲು ತನಗೆ ಒಂದು ವಾರ ಹಿಡಿದಿತ್ತೆಂದು ಬರೆದಿದ್ದಳು. ಈಗ ತನ್ನ ವಿದ್ಯಾರ್ಥಿಗಳೂ ಅದೇ ಪ್ರಶ್ನೆ ಕೇಳುತ್ತಾರೆಂದೂ, ತಾವು ಅದಕ್ಕೆ ಏನು ಉತ್ತರ ಹೇಳುತ್ತೀರೆಂದೂ ಕೇಳಿದ್ದಳು.

ಆ ಉತ್ತರವನ್ನು ಹೇಳಿ ಈ ಮಾತನ್ನು ಮುಗಿಸುತ್ತೇನೆ. ಎಲ್ಲರೂ ಪ್ರಾಣೇಶಾಚಾರ್ಯರ ದ್ವಂದ್ವವನ್ನು ಚರ್ಚಿಸುತ್ತೇವೆ. ಗ್ರಂಥಕ್ಕೂ ದೇವರಿಗೂ ನಡುವೆ ಅವರು ತೊಳಲುತ್ತಿದ್ದಾಗ, ನಾರಣಪ್ಪನ ಸಂಗಾತಿಯಾಗಿದ್ದ ಚಂದ್ರಿ ಊರಿನ ಮುಸಲ್ಮಾನನೊಬ್ಬನ ನೆರವು ಪಡೆದು ರಾತ್ರಿಯೇ ಆ ಶವವನ್ನು ಸುಟ್ಟಳು. ಸುಟ್ಟು, ಕುಂದಾಪುರದ ದಾರಿ ಹಿಡಿದಳು. ಇಡೀ ಅಗ್ರಹಾರಕ್ಕೆ ಆಗದ ಕೆಲಸ ಅವಳಿಗೆ ಆಯಿತು. ಏಕೆ? ಅವಳಿಗೆ ಕಾಪಾಡಿಕೊಳ್ಳಬೇಕಾದ ಬಿರುದು ಇರಲಿಲ್ಲ. ನಿನ್ನೆಯ ಲೆಕ್ಕ ಏನಾದೀತು ಎಂದು ಅವಳು ಕೇಳಲಿಲ್ಲ. ಈಗ ಆಗಬೇಕಾದುದೇನು ಎಂದು ಕೇಳಿದಳು. ಚಂದ್ರಿ ಏನಾದಳು ಎಂಬುದನ್ನು ಕಾದಂಬರಿ ಮುಂದೆ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವಿಲ್ಲವೆಂದೇ ಇರಬೇಕು. ಮಾಡಬೇಕಾದುದನ್ನು ಮಾಡಿ ಹೋದವರ ಬಗೆಗೆ ಹೇಳಲು ಕಥೆ ಹೆಚ್ಚು ಉಳಿಯುವುದಿಲ್ಲ. ಕಥೆ ಉದ್ದವಾಗುವುದು ನಮ್ಮಂಥವರದು.

ಇಷ್ಟನ್ನು ಆ ಅಧ್ಯಾಪಕಿಗೆ ಬರೆದೆ. ಈ ಉತ್ತರ ಸರಿಯೋ ತಪ್ಪೋ, ಕೊನೆಗೂ ಕೇಳಿದ ಪ್ರಶ್ನೆಗೇ ಕೊಟ್ಟ ಉತ್ತರ.